ಬ್ಯಾಟರಿ ಆಟೋದ ಮೊದಲ ಪಾಠ

ಪ್ರೀತಿಯ ಕೊಟ್ಟೂರೇಶ್,

ನೀನು ಈಗ ಯಾವ ಊರಿನಲ್ಲಿದ್ದೀಯೋ ಗೊತ್ತಿಲ್ಲ, ಹಾಗಾಗಿ ಈ ಕಾಗದ ಅಂಚೆಗೆ ಹೋಗುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಹರಿಹರಕ್ಕೆ ಹೋಗಿ, ಬ್ಯಾಟರಿ ಆಟೋ ರಿಪೇರಿ ಕಲಿಸುವ ತರಗತಿಗೆ ಸೇರಿದೆ. ಕಲಿಸುವವಳು ರಶ್ಮಿತಾ, ನನ್ನ ಮಗಳಿಗಿಂತ ಚಿಕ್ಕವಳು. ಕೆಟ್ಟು ನಿಂತಿದ್ದ ಒಂದು ಆಟೋದ ಬ್ಯಾಟರಿ ಮುಚ್ಚಳ ತೆಗೆದ ಕೂಡಲೇ ನಾನು ಅಭ್ಯಾಸಬಲದಿಂದ ಸ್ಪ್ಯಾನರ್ ಒಳಗೆ ಹಾಕಲು ಹೋದೆ. ಅವಳು ಥಟ್ಟನೆ ನನ್ನ ಕೈ ಹಿಡಿದಳು.

"ಉಚ್ಚೆಂಗಪ್ಪಾರೆ, ಮೊದ್ಲು ಮೇನ್ ಸ್ವಿಚ್ ಆಫ್ ಮಾಡ್ರಿ. ಇದು ಪೆಟ್ರೋಲ್ ಇಂಜಿನ್ ಅಲ್ರಿ, ಸ್ಪ್ಯಾನರ್ ತಗುಲಿ ಶಾರ್ಟ್ ಆದ್ರ ಜೀವಕ್ಕೇ ಅಪಾಯ ಐತೆ."

ಎಲ್ಲರೂ ನೋಡುತ್ತಿದ್ದರು. ಮೂವತ್ತು ವರ್ಷದ ಮೇಸ್ತ್ರಿ ಎಂಬ ಬಿಗುಮಾನವನ್ನು ಬದಿಗೊತ್ತಿ ಸ್ಪ್ಯಾನರ್ ಕೆಳಗಿಟ್ಟೆ. "ಗೊತ್ತಿರ್ಲಿಲ್ಲಮ್ಮ, ಇನ್ನೊಂದ್ಸಲ ತೋರ್ಸು" ಅಂದೆ. ಎರಡು ಸಲ ತೋರಿಸಿದಳು. ಮೂರನೆಯ ಸಲ ನಾನೇ ಮಾಡಿದೆ. ಸಂಜೆಯ ಹೊತ್ತಿಗೆ ರಿಪೇರಿ ಮುಗಿಸಿ, ಬೆನ್ನು ತಿರುಗಿಸಿ ಸ್ಪ್ಯಾನರ್ ಎತ್ತಿಡುತ್ತಿದ್ದಾಗ ರಶ್ಮಿತಾ ಓಡಿಸಿ ನೋಡಿದಳು, ಆಟೋ ಮುಂದೆ ಸರಿಯಿತು. ಸದ್ದೇ ಇಲ್ಲದ್ದರಿಂದ ಅದು ಹೊರಟದ್ದು ನನಗೆ ತಿಳಿಯಲಿಲ್ಲ; ಉಳಿದವರು ಚಪ್ಪಾಳೆ ತಟ್ಟಿದಾಗಲೇ ತಿಳಿದದ್ದು.

ಆರು ವರ್ಷದ ಹಿಂದೆ, ನಾವಿಬ್ಬರೂ ಸೇರಿ ನಡೆಸುತ್ತಿದ್ದ ನಿಟ್ಟುವಳ್ಳಿ ಗ್ಯಾರೇಜಿನಲ್ಲಿ ನೀನು, "ಇಬ್ರೂ ಹೋಗಿ ಈ ಬ್ಯಾಟರಿ ಆಟೋ ಕೆಲ್ಸ ಕಲಿಯಾಣ ಬಾರೋ" ಅಂದಿದ್ದೆ. ಗಿರಾಕಿಗಳ ಮುಂದೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾರೆ. ಮರುದಿನದಿಂದ ನೀನು ಗ್ಯಾರೇಜಿಗೆ ಬರಲೇ ಇಲ್ಲ.

ಇವತ್ತು ಹೊರಡುವ ಮುಂಚೆ ಒಂದು ಫಾರಂ ತುಂಬಿಸಿಕೊಂಡರು. ಈ ತರಗತಿಗೆ ಸೇರಲು ಹೇಳಿದವರು ಯಾರು ಎಂಬ ಸಾಲಿನಲ್ಲಿ ನಿನ್ನ ಹೆಸರು ಬರೆದೆ. ರಶ್ಮಿತಾ ಅದನ್ನು ಓದಿ, "ಇವ್ರು ಯಾಕ ಬರ್ಲಿಲ್ರಿ?" ಎಂದು ಕೇಳಿದಳು.

"ಅವ್ನು ಯಾವತ್ತೋ ಕಲ್ತಿರ್ತಾನಮ್ಮ," ಅಂದೆ. "ತಡ ಆಗಿದ್ದು ನಂದೇ."

ನಿನ್ನ,
ಉಚ್ಚೆಂಗಪ್ಪ