ಹಳದಿ ಗೆರೆಯ ಈಚೆ

ಜೂನ್ 3, ಸೋಮವಾರ

ಬೆಳಗಿನ ಡ್ಯೂಟಿ ಮುಗಿಸಿ ಕಾಲು ಚಾಚೋಣ ಅಂದರೆ ಮತ್ತೆ ಟ್ರೈನಿಂಗ್. ಆಸ್ಪತ್ರೆಯ ಹಳೆಯ ಲಾಂಡ್ರಿ ರೂಮಿನಲ್ಲಿ. ಗಡಿಯಾಚೆ ಯಾವುದೋ ಜ್ವರ ಹಬ್ಬುತ್ತಿದೆಯಂತೆ, ಇಲ್ಲಿಗೆ ಬಂದರೆ ನಾವು ತಯಾರಿರಬೇಕಂತೆ. ಗ್ಲೌಸ್ ತೆಗೆಯುವುದನ್ನು ನನಗೆ ಕಲಿಸುತ್ತಾರಂತೆ. ತಲೆಗೂದಲು ನೆರೆತ ನರ್ಸಿಗೆ. ಮೈ ಉರಿಯಿತು.

ಇಬ್ಬಿಬ್ಬರ ಜೋಡಿ. ನನಗೆ ಸಿಕ್ಕಿದ್ದು ಯಾರು? ನಮ್ಮ ಮರಿ. ನನ್ನ ನಾದಿನಿ, ಮಕ್ಕಳ ವಾರ್ಡಿನ ನರ್ಸ್. ಮನೆಯಲ್ಲೂ ಅವಳೇ, ಇಲ್ಲೂ ಅವಳೇ. ಕಲಿಸಲು ಬಂದ ಡಾಕ್ಟರಿಗೆ ಮೇಷ್ಟ್ರು ಅಂತ ಹೆಸರಿಟ್ಟಾಯಿತು. ರೋಗಿಯಾಗಿ ಮಲಗಿರುವ ರಬ್ಬರ್ ಬೊಂಬೆಗೆ ಸೋಮಾರಿ ಅಂತ.

ಜೂನ್ 4

ಹೇಗೆ ಬರೆಯಲಿ...

ಸೋಮಾರಿಯ ಮೈ ಒರೆಸಿ, ಚಾದರ ಬದಲಿಸಿ, ಗೌನು ಗ್ಲೌಸು ಬಿಚ್ಚಿ, ಟೀ ಕುಡಿದೆವು. ಮೇಷ್ಟ್ರು ಪರದೆ ಎಳೆದರು, ದೀಪ ಆರಿಸಿದರು, ಒಂದು ನೀಲಿ ಟಾರ್ಚ್ ಹಚ್ಚಿದರು. ಬೊಂಬೆಗೆ ಅದೇನೋ ಪುಡಿ ಬಳಿದಿದ್ದರಂತೆ. ಬರಿಗಣ್ಣಿಗೆ ಕಾಣದು, ಆ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ.

ನಲ್ಲಿ ಹೊಳೆಯಿತು. ಬಾಗಿಲ ಹಿಡಿ. ಟೀ ಲೋಟದ ಅಂಚು. ಮರಿಯ ಜಡೆ.

"ಅತ್ತಿಗೆ... ನಿಮ್ಮ ಮೂಗು" ಅಂದಳು ಅವಳು.

ಜಾರಿದ ಕನ್ನಡಕ ಮೇಲೆ ತಳ್ಳುವ ಅಭ್ಯಾಸ ನನಗೆ. ಕೈ ಹೋದದ್ದೇ ಗೊತ್ತಿಲ್ಲ. ಕನ್ನಡಿ ನೋಡಿದೆ. ಎರಡು ಕಣ್ಣಿನ ನಡುವೆ ಹಸಿರು ಬೆರಳಚ್ಚು.

ಯಾರೂ ನಗಲಿಲ್ಲ. ಇಷ್ಟು ವರ್ಷ ಪುಸ್ತಕದಲ್ಲಿ ಓದಿದ್ದನ್ನು, ರೋಗ ನಡೆದು ಹೋಗುವ ದಾರಿಯನ್ನು, ಇವತ್ತು ಕಣ್ಣಾರೆ ಕಂಡೆ. ಅದು ನನ್ನ ಕೈ ಹಿಡಿದುಕೊಂಡೇ ನಡೆದಿತ್ತು.

ಜೂನ್ 6

ನೆಲದ ಮೇಲೆ ಹಳದಿ ಗೆರೆ ಎಳೆದಿದ್ದಾರೆ. ರೋಗಿಯ ಹತ್ತಿರದಿಂದ ಬಂದವಳು ಗೆರೆಯಾಚೆ ನಿಂತು ಗೌನು ಗ್ಲೌಸೆಲ್ಲ ಬಿಚ್ಚಬೇಕು, ಆದರೆ ತಾನಾಗಿ ಏನೂ ಮಾಡುವಂತಿಲ್ಲ. ಈಚೆ ನಿಂತವಳು ಒಂದೊಂದೇ ಹೇಳಬೇಕು, ಅವಳು ಮಾಡಬೇಕು. ಈಚೆಯವಳು ಮಾತ್ರ ಏನೇ ಆದರೂ ಮುಟ್ಟುವಂತಿಲ್ಲ. ಕೈ ಬೆನ್ನ ಹಿಂದೆ.

ನನಗೆ ಅಪ್ಪಣೆ ಕೊಡುವುದೆಂದರೆ ಮರಿಗೆ ಹಬ್ಬ. "ಅತ್ತಿಗೆ, ನಿಧಾನ. ಈಗ ಬಲಗೈ. ಬಲಗೈ ಅಂದೆ."

ಆಮೇಲೆ ಎಡವಟ್ಟಾಯಿತು. ಕಾಲಿನ ಕವರ್ ತೆಗೆಯುವಾಗ ನಾನು ತೂರಾಡಿದೆ. ಮರಿ ಚಂಗನೆ ಬಂದು ತೋಳು ಹಿಡಿದಳು. ನೀಲಿ ಬೆಳಕಿನಲ್ಲಿ ಅವಳ ಇಡೀ ಅಂಗೈ ಹಸಿರು.

ಮೇಷ್ಟ್ರು ಬೈಯಲಿಲ್ಲ. "ಬೀಳೋರನ್ನ ಹಿಡಿಯೋದು ನಿಮ್ಮ ಕೈಗೆ ಅಂಟಿರೋ ಗುಣ. ಅದಕ್ಕೇ ಇದು ನಿಮಗೆ ಕಷ್ಟ. ಇಲ್ಲಿ ಮಾತಲ್ಲೇ ಹಿಡೀಬೇಕು" ಅಂದರು.

ಊಟಕ್ಕೆ ಕೂತಾಗ ಅತ್ತೆಗೆ ಗೆರೆಯ ಕಥೆ ಹೇಳಿದೆ. "ಅಡುಗೆಮನೇಲೂ ಒಂದು ಎಳೀರಿ, ನಾನೂ ಈಚೆ ನಿಂತ್ಕೊಂಡು ಹೇಳ್ತೀನಿ" ಅಂದರು. ಬೇರೆ ದಿನವಾಗಿದ್ದರೆ "ಈಗೇನ್ ಕಮ್ಮಿ ಹೇಳ್ತೀಯಾ ಅಮ್ಮ" ಅಂತ ಮರಿ ಕಾಲೆಳೆಯುತ್ತಿದ್ದಳು. ಇವತ್ತು ತಟ್ಟೆಯ ಪಕ್ಕ ಅಂಗೈ ಇಟ್ಟುಕೊಂಡು ನೋಡುತ್ತ ಕೂತಿದ್ದಳು.

ಜೂನ್ 21

ಕೊನೆಯ ಪರೀಕ್ಷೆ. ದೀಪ ಆರಿಸಿದರು. ನೀಲಿ ಬೆಳಕು ನನ್ನ ಮುಖದ ಮೇಲೆ, ಮರಿಯ ಕೈ ಮೇಲೆ, ನಲ್ಲಿ, ಬಾಗಿಲು, ಲೋಟ...

ಏನೂ ಇಲ್ಲ. ಬರೀ ಕತ್ತಲೆ. ಗೆರೆಯಾಚೆ ಸೋಮಾರಿ ಒಬ್ಬನೇ ಧಗಧಗ ಹೊಳೆಯುತ್ತ ಮಲಗಿದ್ದ.

ಇಷ್ಟು ಚೆಂದದ ಕತ್ತಲೆಯನ್ನು ನಾನು ಕಂಡೇ ಇರಲಿಲ್ಲ.

ಜುಲೈ 19

ಬಂತು.

ಗಡಿಯಾಚೆಯಿಂದ ಬಂದ ಲಾರಿ ಡ್ರೈವರ್ ಒಬ್ಬರು. ಹಿರಿಯಳೆಂದು ಮೊದಲು ನಾನೇ ಒಳಗೆ ಹೋದೆ. ಮೈ ಕೆಂಡ. "ಸಿಸ್ಟರ್, ನಿಮ್ಮ ಮುಖಾನೇ ಕಾಣಲ್ವಲ್ಲ" ಅಂದರು. ಆಮೇಲೆ ಕಿಟಕಿ ಗಾಜಿನಾಚೆ ಬಂದು ತೋರಿಸ್ತೀನಿ ಅಂದೆ.

ಹೊರಗೆ ಬಂದು ಗೆರೆಯ ಹತ್ತಿರ ನಿಂತೆ. ಕನ್ನಡಕದ ಮೇಲಿನ ಗಾಗಲ್ಸ್ ತೆಗೆದೆ. ಎರಡು ಜೊತೆ ಗ್ಲೌಸಿನಲ್ಲಿ ಒಳಗಿನದು ಇನ್ನೂ ಕೈಯಲ್ಲೇ. ಹಣೆಯ ಬೆವರು ಇಳಿದು ಕನ್ನಡಕ ಜಾರಿತು.

"ಅತ್ತಿಗೆ, ಕೈ."

ಈಚೆ ನಿಂತ ಮರಿ ಮೆಲ್ಲಗೆ ಅಂದಳು, ಅಷ್ಟೇ. ನೋಡುತ್ತೇನೆ, ಕೈ ಮೂಗಿನ ಹತ್ತಿರ ಬಂದು ಗಾಳಿಯಲ್ಲಿ ನಿಂತಿದೆ. ಎತ್ತಿದ್ದೂ ನನಗೆ ಗೊತ್ತಿಲ್ಲ, ನಿಲ್ಲಿಸಿದ್ದೂ ನಾನಲ್ಲ. ಇನ್ನೊಬ್ಬಳ ದನಿ ನನ್ನ ಕೈಯನ್ನು ಹಿಡಿಯಬಲ್ಲದು.

ಜುಲೈ 23

ಇವತ್ತು ಮರಿ ಒಳಗೆ, ನಾನು ಈಚೆ. ಫ್ಯಾನ್ ಕೂಡ ಹಾಕುವಂತಿಲ್ಲದ ರೂಮು. ಹೊರಗೆ ಬಂದವಳ ಕಣ್ಣು ತೇಲುತ್ತಿತ್ತು. ಗೌನ್ ಗಂಟಿಗೆ ಕೈ ಹಾಕಿದವಳು ಹಾಗೇ ವಾಲಿದಳು.

ಎರಡು ಹೆಜ್ಜೆ ದೂರ. ನಾನೇ ಜಡೆ ಹೆಣೆದು ಶಾಲೆಗೆ ಕಳಿಸಿದ ಹುಡುಗಿ.

"ಮರಿ, ನನ್ನ ನೋಡು. ಗೋಡೆ ಮುಟ್ಟಬೇಡ. ಕಾಲು ಅಗಲಿಸಿ ನಿಲ್ಲು. ಉಸಿರು ಎಳ್ಕೋ. ಬಿಡು. ಇನ್ನೊಂದ್ಸಲ."

ನಿಂತಳು. ನನ್ನ ಮಾತಿಗೆ ಒರಗಿಕೊಂಡು ನಿಂತಳು. ಗಂಟು ಬಿಚ್ಚಿದಳು, ಗೌನ್ ಸುತ್ತಿದಳು, ಕೈ ತೊಳೆದಳು, ಗೆರೆ ದಾಟಿದಳು. ಆಗ ತಬ್ಬಿಕೊಂಡೆ.

ಆಮೇಲೆ ನನ್ನ ಮಣಿಕಟ್ಟು ನೋಡಿದಳು. ಬೆನ್ನ ಹಿಂದೆ ನನ್ನದೇ ಉಗುರು ಇಳಿದು ರಕ್ತ ಬಂದಿತ್ತು.

"ಇದೇನತ್ತಿಗೆ?"

"ನಿನ್ನ ಹಿಡ್ಕೊಂಡಿದ್ದು" ಅಂದೆ.

ಜುಲೈ 24, ಬೆಳಿಗ್ಗೆ

ಡ್ರೈವರ್ ಇವತ್ತು ತಾವೇ ಲೋಟ ಎತ್ತಿ ನೀರು ಕುಡಿದರಂತೆ. ಹೊಸಬರು ಇನ್ನಿಬ್ಬರು ಬಂದಿದ್ದಾರೆ. ನನ್ನ ಸರದಿ. ಮರಿ ಆಗಲೇ ಗೆರೆಯ ಹತ್ತಿರ, ಕೈ ಹಿಂದೆ ಕಟ್ಟಿಕೊಂಡು... ಕೂಗುತ್ತಿದ್ದಾಳೆ. "ಅತ್ತಿಗೆ, ಕನ್ನಡಕಕ್ಕೆ ದಾರ ಕಟ್ಕೊಂಡ್ರಾ?"

ಕಟ್ಟಿಕೊಂಡಿಲ್ಲ. ದಾರ ಎಲ್ಲಿ ಇಟ್ಟೆ—