ಒಂಬತ್ತಡಿ ಹಲಗೆ

ಫೆಬ್ರವರಿ 9, ಬೆಳಗ್ಗೆ 6.20

ಮತ್ತೆ ಅದೇ ಕನಸು. ಹೊಲಿಗೆ ಮಷೀನಿನ ಕೆಳಗೆ ನೀರು ಬಂದಿದೆ. ಬೆಚ್ಚಗಿನ ನೀರು. ನಾನು ಪೆಡಲ್ ತುಳಿಯುತ್ತಲೇ ಇದ್ದೇನೆ, ಗಾಬರಿಯೇನೂ ಇಲ್ಲ. ಕತ್ತರಿಸಿಟ್ಟ ತೋಳುಗಳು, ಕಾಲರುಗಳು ಒಂದೊಂದಾಗಿ ತೇಲಿಕೊಂಡು ಬಾಗಿಲು ದಾಟಿ ಹೋಗುತ್ತಿವೆ... ಎದ್ದಾಗ ಎಡಗೈ ಮರಗಟ್ಟಿತ್ತು. ಎಂದಿನ ವ್ಯಾಯಾಮ, ಆ ಕೈಯ ಬೆರಳನ್ನು ಗೋಡೆಯ ಮೇಲೆ ನಡೆಸಿದೆ. ಭುಜದ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲೆ ಒಲ್ಲೆ ಅನ್ನುತ್ತದೆ.

ಎಡ ಎದೆ ತೆಗೆದು ನಾಳೆಗೆ ಎರಡು ವರ್ಷ. ಹೀಗೇ ಬರೆಯಬೇಕು, ಸುತ್ತಿ ಬಳಸಿ ಯಾಕೆ. ಇಲ್ಲಿ ಓದುವವರು ಯಾರಿದ್ದಾರೆ.

ನಿನ್ನೆ ಡಾಕ್ಟರ್ ಹೇಳಿದರು, ಸಮುದ್ರಕ್ಕೆ ಇಳಿಯಬಹುದು. ಆಮೇಲೆ "ನಿಧಾನಕ್ಕೆ" ಅಂತ ಸೇರಿಸಿದರು. ನನ್ನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ.

ಫೆಬ್ರವರಿ 11, ಸಂಜೆ

ಬೋರ್ಡ್ ಮಾಡುವವನ ಶೆಡ್ಡಿಗೆ ಹೋಗಿ ಬಂದೆ. ಅವನನ್ನು ಎಲ್ಲರೂ ಲೀಟರ್ ಅಂತಲೇ ಕರೆಯುವುದು. ಅಲೆಯ ಮೇಲೆ ನಿಲ್ಲುವ ಹಲಗೆಗೆ ಜನ ಉದ್ದ ಕೇಳುತ್ತಾರೆ, ಇವನು ಮಾತ್ರ ಲೀಟರ್ ಹೇಳುತ್ತಾನೆ. ಒಳಗೆ ಎಷ್ಟು ತುಂಬಿಕೊಂಡಿದೆಯೋ ಅಷ್ಟು ತೇಲುತ್ತದೆ, ಅದೇ ಲೆಕ್ಕ. ಮೈತೂಕ ಹೆಚ್ಚಿದಷ್ಟೂ ಲೀಟರ್ ಹೆಚ್ಚಬೇಕು. ಅಭ್ಯಾಸ ಕಡಿಮೆಯಾದಷ್ಟೂ ಹೆಚ್ಚಬೇಕು. ಪಳಗಿದವರಿಗೆ ಸಣ್ಣದು ಸಾಕು.

ಶೆಡ್ಡಿನಲ್ಲಿ ಹಲಗೆ ಉಜ್ಜಿದ ಬಿಳಿ ಪುಡಿ ಹಾರಾಡುತ್ತಿತ್ತು. ಬಿಸಿಲು ಬಿದ್ದಲ್ಲೆಲ್ಲ ನಿಧಾನಕ್ಕೆ ತಿರುಗುತ್ತಿತ್ತು. ನೋಡುತ್ತಾ ನಿಂತೆ, ಎಷ್ಟು ಹೊತ್ತೋ. ಲೀಟರ್ ಒಂದು ಚೀಟಿ ಕೊಟ್ಟ. ಎತ್ತರ, ತೂಕ, ಎದೆ ಸುತ್ತಳತೆ, ವಾರಕ್ಕೆ ಎಷ್ಟು ದಿನ ನೀರಿಗಿಳಿಯುತ್ತೀರಿ, ಅಲೆಯ ಮೇಲೆ ನಿಲ್ಲಲು ಎಷ್ಟು ಬರುತ್ತದೆ.

"ಮನೇಲೇ ತುಂಬಿ ಕಳ್ಸಿ ಅಕ್ಕಾ," ಅಂದ. ನನ್ನ ಕಡೆ ನೋಡಲಿಲ್ಲ. ಉಜ್ಜುಕಾಗದ ನೋಡಿದ, ಕಿಟಕಿ ನೋಡಿದ, ತನ್ನ ಚಪ್ಪಲಿ ನೋಡಿದ.

ಮನೆಗೆ ಬಂದು ನನ್ನ ಹೊಲಿಗೆ ಅಂಗಡಿಯ ಅಳತೆ ಪುಸ್ತಕ ತೆರೆದೆ. ಎಲ್ಲರಿಗೂ ಅದರಲ್ಲಿ ಒಂದೊಂದು ಪುಟ. ನನಗೂ ಇದೆ. ಎದೆ ಮೂವತ್ತನಾಲ್ಕು. ಇಳಿಸಿಕೊಂಡೆ. ತೂಕ ಪುಸ್ತಕದಲ್ಲಿರುವುದಿಲ್ಲ, ನೆನಪಿನಿಂದ ಬರೆದೆ: ಐವತ್ನಾಲ್ಕು. ನೆನಪಿನಲ್ಲಿ ಎಲ್ಲರೂ ತೆಳ್ಳಗೇ ಇರುತ್ತಾರೆ. ವಾರಕ್ಕೆ ಮೂರು ದಿನ. ಚೆನ್ನಾಗಿ ಬರುತ್ತದೆ. ಇವೂ ಆಪರೇಶನ್ನಿಗೆ ಮುಂಚಿನ ಲೆಕ್ಕವೇ.

ಒಂದು ವರ್ಷ ದಾಟಿದ ಅಳತೆಗೆ ಕತ್ತರಿ ಹಾಕಬಾರದು. ಕೆಲಸ ಕಲಿಯಲು ಬರುವವರಿಗೆ ಮೊದಲ ದಿನವೇ ನಾನು ಹೇಳುವ ಮಾತು ಇದು. ಪುಟದ ಮೇಲೆ ತಾರೀಖು ಇತ್ತು. ಕಂಡೆ. ಕಂಡೂ ಕಾಣದವಳ ಹಾಗೆ ಪುಸ್ತಕ ಮುಚ್ಚಿದೆ.

ಮಾರ್ಚ್ 14

ಬೋರ್ಡ್ ಬಂತು. ಐದಡಿ ಹತ್ತಿಂಚು. ಇಪ್ಪತ್ತೇಳು ಲೀಟರ್. ಮೊಟ್ಟೆಯ ಸಿಪ್ಪೆಯ ಬಣ್ಣ. ಒಂದೇ ಕೈಯಲ್ಲಿ ಎತ್ತಬಹುದು.

ಇವರು ಹಡಗಿನಲ್ಲಿದ್ದಾರೆ, ಜೂನ್‌ವರೆಗೆ ಬರುವುದಿಲ್ಲ. ಅವರ ಹಾಸಿಗೆಯ ಮೇಲೆ ಬೋರ್ಡ್ ಮಲಗಿಸಿ ಮೇಲೆ ಚಾದರ ಹೊದಿಸಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ನನ್ನ ಮಗ ಬಂದ್ಮೇಲೆ ಅವನೆಲ್ಲಿ ಮಲಗ್ಬೇಕು?"

"ಚಾಪೆ ಇದೆಯಲ್ಲ ಅತ್ತೆ."

"ಇದೆ ಇದೆ. ಅವನು ಗೊರಕೇನಾದ್ರೂ ಹೊಡೀತಾನೆ, ಇದು ಅದೂ ಇಲ್ಲ."

ತುಂಬ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಹೊಲಿಗೆ ಹಾಕಿದ ಜಾಗ ಜುಮ್ಮೆಂದಿತು, ನೋವಾಗಲಿಲ್ಲ.

ಒಂದು ಮಾತು ಇಲ್ಲಿ ಬರೆದಿಡುತ್ತೇನೆ. ಈ ಬೇಸಿಗೆಯಲ್ಲಿ ಒಂದು ಅಲೆಯ ಮೇಲಾದರೂ ನಿಲ್ಲಬೇಕು. ಆಗದಿದ್ದರೆ ಬಿಟ್ಟೇಬಿಡುತ್ತೇನೆ. ಆಸೆ ಇಟ್ಟುಕೊಂಡು ದಡದಲ್ಲಿ ಕೂರುವುದು ನನ್ನಿಂದಾಗದು.

ಮಾರ್ಚ್ 16, ಬೆಳಗ್ಗೆ 9

ಆಗಲಿಲ್ಲ. ಮಲಗಿದರೆ ಬೋರ್ಡ್ ನನ್ನ ಕೆಳಗೆ ಮುಳುಗುತ್ತದೆ. ನೀರು ಗಲ್ಲದವರೆಗೆ. ಕೈ ಬೀಸುತ್ತೇನೆ, ಬೀಸುತ್ತೇನೆ, ಇದ್ದಲ್ಲೇ ಇದ್ದೇನೆ. ಅಲೆಗಳು ನನ್ನನ್ನು ಎತ್ತಿ ನೋಡಿ, ಬೇಡವೆಂದು ಕೆಳಗಿಟ್ಟು ಮುಂದೆ ಹೋಗುತ್ತವೆ.

ಗಾಳಿ ಸರಿಯಿರಲಿಲ್ಲ ಅಂದೆ. ಅಲೆಗೆ ಶಕ್ತಿಯಿರಲಿಲ್ಲ ಅಂದೆ.

"ಕುಣಿಯಲಾರದವಳಿಗೆ ನೆಲ ಡೊಂಕು," ಅಂದರು ಅತ್ತೆ, ದಡದಲ್ಲಿ ಕೊಡೆಯ ಕೆಳಗಿನಿಂದ.

ಮಾರ್ಚ್ 18

ಇವತ್ತೂ ಇಲ್ಲ. ಒಂದು ಅಲೆ ಸಿಕ್ಕ ಹಾಗಾಯಿತು, ಬೋರ್ಡಿನ ಮೂಗು ನೇರ ನೀರೊಳಗೆ ಹೋಯಿತು, ಹಿಂದೆಯೇ ನಾನು. ಕೆಳಗೆ ಎಲ್ಲ ಹಸಿರು. ಸದ್ದಿಲ್ಲ. ಒಂದು ಕ್ಷಣ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ 21

ಬರೆಯುವ ಮನಸ್ಸಿಲ್ಲ.

ಏಪ್ರಿಲ್ 4, ಮಧ್ಯಾಹ್ನ

ಎರಡು ವಾರ ಈ ದಿನಚರಿ ಮುಟ್ಟಲಿಲ್ಲ. ಇಪ್ಪತ್ತೊಂದರಂದು ಆದದ್ದು ಇಷ್ಟು. ನೀರಿನ ಸೆಳೆತ ನನ್ನನ್ನು ಪಕ್ಕಕ್ಕೆ, ಬಂಡೆಗಳ ಕಡೆ ಒಯ್ದಿತು. ಎಡಗೈ ಸೋತಿತು. ಬಲಗೈಯೊಂದರಲ್ಲೇ ಬೀಸಿ ಬೀಸಿ ಗಾಣದ ಎತ್ತಿನ ಹಾಗೆ ಇದ್ದಲ್ಲೇ ಸುತ್ತಿದೆ. ಲೀಟರ್ ದಡದಿಂದ ನೋಡಿ ಈಜಿ ಬಂದ. ಎಳೆದು ತಂದ. ಅತ್ತೆ ಟವೆಲ್ ಹೊದಿಸಿದರು.

ಇವತ್ತು ಲೀಟರ್ ಅಂಗಡಿಗೆ ಬಂದ. ನಾನು ಒಂದು ಪ್ಯಾಂಟಿನ ಜಿಪ್ ಬಿಚ್ಚುತ್ತಿದ್ದೆ. ಸ್ಟೂಲಿನ ಮೇಲೆ ಕೂತ. ಜೇಬಿನಿಂದ ನನ್ನ ಚೀಟಿ ತೆಗೆದ.

"ಅಕ್ಕಾ, ಇದು ಯಾರ ಅಳತೆ?"

ಜಿಪ್ಪಿನ ಇನ್ನೊಂದು ಹೊಲಿಗೆ ಬಿಚ್ಚಿದೆ.

"ಇದ್ರಲ್ಲಿರೋರಿಗೆ ನಾನು ಮಾಡಿದ ಬೋರ್ಡ್ ಸರಿಯಾಗೇ ಇದೆ. ಅವ್ರು ಸಿಕ್ರೆ ಕೊಟ್ಬಿಡಿ."

ನಗು ಬರಬೇಕಿತ್ತು. ಕಣ್ಣು ತುಂಬಿತು. "ಅವಳಿಲ್ಲ ಕಣೋ," ಅಂದೆ. ಎರಡು ವರ್ಷದಲ್ಲಿ ಯಾರಿಗೂ ಹೇಳದ ಮಾತು, ಜಿಪ್ ಕೈಯಲ್ಲಿ ಹಿಡಿದುಕೊಂಡು ಇವನಿಗೆ ಹೇಳಿದೆ.

ಅವನು ಚೀಟಿ ಮಡಚಿ ಜೇಬಿಗೆ ಹಾಕಿದ. ಆಮೇಲೆ ಹೇಳಿದ, "ತಪ್ಪು ನಂದೂ ಇದೆ. ಬಂದೋರನ್ನ ಕಣ್ಣಲ್ಲೇ ಅಳೆಯೋನು ನಾನು. ಅವತ್ತು ನಿಮ್ಮನ್ನ ನೋಡೋಕೆ ಸಂಕೋಚ ಆಯ್ತು. ಎಲ್ಲಿ ನೋಡ್ಬೇಕು ಗೊತ್ತಾಗ್ಲಿಲ್ಲ. ಅದಕ್ಕೇ ಚೀಟಿ ಕೊಟ್ಟೆ. ಬೇರೆ ಯಾರಿಗೂ ಚೀಟಿ ಕೊಡಲ್ಲ ಅಕ್ಕಾ ನಾನು."

ಈಗ ನೋಡು ಅಂದೆ. ಎದ್ದು ನಿಂತೆ. ನೋಡಿದ. ತಲೆಯಿಂದ ಕಾಲಿನವರೆಗೆ, ಬಟ್ಟೆ ಕೊಳ್ಳುವವರು ಥಾನು ನೋಡುವ ಹಾಗೆ, ನಿಧಾನಕ್ಕೆ. ಎಡಗೈ ಎತ್ತಲು ಹೇಳಿದ. ಎಲ್ಲಿ ನಿಂತಿತೋ ಅಲ್ಲಿ ಗಾಳಿಯಲ್ಲಿ ಬೆರಳಿಂದ ಗೆರೆ ಎಳೆದ. ಅಷ್ಟು ನಿರಾಳ ನನಗೆ ಯಾವ ಆಸ್ಪತ್ರೆಯಲ್ಲೂ ಆಗಿರಲಿಲ್ಲ.

"ಅರವತ್ತೇಳು ಕೆಜಿ?"

"ಅರವತ್ತೆಂಟು."

"ಸರಿ. ಉಳಿದಿದ್ದು ನೀವೇ ಅಳೆದು ಹೇಳಿ. ಇವತ್ತಿನ ಅಳತೆ."

ಏಪ್ರಿಲ್ 5, ಬೆಳಗ್ಗೆ

ಕನ್ನಡಿ ಮುಂದೆ ನಿಂತೆ. ಸಾವಿರ ಜನರ ಮೈಗೆ ಟೇಪ್ ಸುತ್ತಿದ ಕೈ. ನನ್ನ ಮೈಗೆ ಬಂದಾಗ ಟೇಪ್ ಜಾರಿ ಜಾರಿ ಬೀಳುತ್ತಿತ್ತು. ಅತ್ತೆಯನ್ನು ಕರೆದೆ.

ಅವರು ಕನ್ನಡಕ ಏರಿಸಿಕೊಂಡು ಬಂದರು. ಬೆನ್ನ ಹಿಂದಿನಿಂದ ಟೇಪ್ ತಂದು ಮುಂದೆ ಜೋಡಿಸಿದರು. ಬಲಗಡೆ ಉಬ್ಬಿತ್ತು, ಎಡಗಡೆ ಚಪ್ಪಟೆಯಾಗಿ ಮೂಳೆಗೆ ಅಂಟಿಕೊಂಡು ಬಂತು. ನಾನು ಕಣ್ಣು ಮುಚ್ಚಿಕೊಂಡೆ.

"ಉಸಿರು ಬಿಡೇ."

"ಬಿಟ್ಟಿದ್ದೀನಿ."

"ಎಲ್ಲಿ ಬಿಟ್ಟಿದೀಯ? ಹೊಟ್ಟೆ ಒಳಗೆ ಎಳ್ಕೊಂಡಿದೀಯ. ನನಗೆ ಮೋಸ ಮಾಡ್ಬಹುದು, ಸಮುದ್ರಕ್ಕೆ ಮಾಡೋಕಾಗತ್ತಾ?"

ಬಿಟ್ಟೆ. ಎರಡು ವರ್ಷದ ಉಸಿರು. ಅತ್ತು ಮುಗಿಯುವ ತನಕ ಅವರು ಟೇಪ್ ಸಡಿಲಿಸಲಿಲ್ಲ, ಬಿಗಿಯಲೂ ಇಲ್ಲ. ಆಮೇಲೆ ಅಂಕಿ ಓದಿದರು, ಜೋರಾಗಿ, ಅಂಗಡಿಯಲ್ಲಿ ನಾನು ಓದುವ ಹಾಗೆ. ಮೂವತ್ತಾರೂವರೆ. ಪುಸ್ತಕದಲ್ಲಿ ಹೊಸ ಪುಟ ತೆಗೆದು ಅವರೇ ಬರೆದರು. ಅಕ್ಷರ ಕಾಗೆ ಕಾಲು.

ಮೇ 6, ಬೆಳಗ್ಗೆ 10

ಒಂಬತ್ತಡಿ. ಎಪ್ಪತ್ತೊಂದು ಲೀಟರ್. ನೋಡಿದ ಕೂಡಲೇ ನಾಚಿಕೆಯಾಯಿತು. ಮನೆಯ ಬಾಗಿಲನ್ನೇ ಕಿತ್ತುಕೊಂಡು ಹೊರಟ ಹಾಗಿತ್ತು. ಒಂದು ತುದಿ ನಾನು, ಇನ್ನೊಂದು ತುದಿ ಲೀಟರ್. ದಡದ ಹುಡುಗಿಯರು, ಕಡ್ಡಿಯಂಥ ಬೋರ್ಡ್‌ಗಳವರು, ತಿರುಗಿ ನೋಡಿದರು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಅಂದರು ಅತ್ತೆ. "ಇವಳದು ಕಾಲಿಗಿಂತ ಹಾಸಿಗೇನೇ ಉದ್ದ. ಪುಣ್ಯವಂತೆ."

ಮಲಗಿದೆ. ಮುಳುಗಲಿಲ್ಲ. ಮೈಯೆಲ್ಲ ನೀರಿನ ಮೇಲೆ, ಒಣಗಿಕೊಂಡು. ಬೋರ್ಡಿನ ಮೂಗು ನೀರಿಗಿಂತ ಮೂರು ಬೆರಳು ಮೇಲೆ. ಇದೇ ಸರಿಯಾದ ಗುರುತು ಅಂದ ಲೀಟರ್, ಸೊಂಟದ ನೀರಿನಲ್ಲಿ ನಿಂತು. ಎಡಗೈ ಅರ್ಧ ಬೀಸಿದರೂ ಹಲಗೆ ಮುಂದೆ ಹೋಗುತ್ತದೆ, ಅದಕ್ಕೆ ಅವಸರವಿಲ್ಲ. ಸುಮ್ಮನೆ ತೇಲಿದೆ ಮೊದಲು. ಆಕಾಶ ಇಸ್ತ್ರಿ ಹಾಕಿದ ಬಟ್ಟೆಯ ಹಾಗಿತ್ತು. ನಿದ್ದೆ ಬಂದರೂ ಬರಬಹುದಿತ್ತು.

ಆಮೇಲೆ ಅಲೆ ಬಂತು. ಎತ್ತಿತು. ಈ ಸಲ ಕೆಳಗಿಡಲಿಲ್ಲ. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. ನಿಂತಿದ್ದೆ. ನೀರು ನನ್ನ ಕೆಳಗೆ ಓಡುತ್ತಿತ್ತು, ದಡ ತಾನಾಗಿ ಹತ್ತಿರ ಬರುತ್ತಿತ್ತು. ಆರು ಸೆಕೆಂಡ್ ಅಂದ ಲೀಟರ್. ಹತ್ತಾದರೂ ಇರಬೇಕು. ಖುಷಿಯಾಯಿತು. ಅಷ್ಟೇ, ಖುಷಿಯಾಯಿತು.

ಮೇ 18, ಸಂಜೆ

ವಾರಕ್ಕೆ ಎರಡು ದಿನ, ನಿಜವಾಗಿಯೂ ಎರಡೇ ದಿನ. ಸಣ್ಣ ಬೋರ್ಡನ್ನು ದಡದ ಹುಡುಗಿಯೊಬ್ಬಳು ತೆಗೆದುಕೊಂಡು ಹೋದಳು. ಅವಳಿಗೆ ಹೊಂದುತ್ತದೆ. ಹೊಟ್ಟೆಕಿಚ್ಚಾಯಿತು, ಸ್ವಲ್ಪ.

ಅತ್ತೆ ಇವತ್ತು ಟೀ ಕುಡಿಯುತ್ತಾ ಕೇಳಿದರು, "ಅದ್ರ ಮೇಲೆ ಇನ್ನೊಬ್ರಿಗೆ ಜಾಗ ಆಗತ್ತಾ?" ನಾನು ನಕ್ಕೆ. ಅವರು ನಗಲಿಲ್ಲ, ಲೋಟದೊಳಗೆ ನೋಡುತ್ತಿದ್ದರು.

ಲೀಟರ್‌ಗೆ ಫೋನ್ ಮಾಡಿದೆ.

"ಅವ್ರ ತೂಕ ಎಷ್ಟು?"

"ನಲವತ್ತೊಂದು. ನಾನೇ ತೂಗಿ ನೋಡಿದೆ."

ಅವನು ಲೆಕ್ಕ ಹಾಕಿದ. "ಮುಳುಗಿ ಮುಳುಗಿ ತೇಲತ್ತೆ, ತೊಂದ್ರೆ ಇಲ್ಲ. ಸೊಂಟದ ನೀರು ದಾಟ್ಬೇಡಿ, ನಾನು ಪಕ್ಕದಲ್ಲೇ ಇರ್ತೀನಿ."

ಮೇ 19, ಬೆಳಗ್ಗೆ 6.05

ಅತ್ತೆ ಆಗಲೇ ಬಾಗಿಲಲ್ಲಿ. ಮಗನ ಹಳೆಯ ಟೀ-ಶರ್ಟ್, ಮೊಣಕಾಲಿನವರೆಗೆ. ಹೆದರಿಕೆ ಇಲ್ಲವಾ ಅಂದೆ. "ನಿನ್ನ ಆಪರೇಶನ್ ದಿನ ಹೊರಗೆ ಆರು ಗಂಟೆ ಕೂತಿದ್ದೆ. ಅದಾದ್ಮೇಲೆ ಎಂಥ ಹೆದರಿಕೆ," ಅಂದರು. ಬೇಗ ಬರೆದು ಮುಗಿಸು ಅನ್ನುತ್ತಿದ್ದಾರೆ, ಅಲೆ ಇಳಿಯುತ್ತದಂತೆ, ದೊಡ್ಡ ಪಂಡಿತೆ.

ಅವರು ಮುಂದೆ ಮಲಗಬೇಕು, ನಾನು ಅವರ ಹಿಂದೆ. ಗಟ್ಟಿಯಾಗಿ ಅಂಚು ಹಿಡಿದುಕೊಂಡರೆ ಸಾಕು ಅಂದಿದ್ದೇನೆ. ಕೈ ನಾನು ಬೀಸುತ್ತೇನೆ, ಎರಡೂ ಕೈ, ಇಬ್ಬರ ಪಾಲಿನದೂ —