ಹುಳದ ತಟ್ಟೆಗೆ ಹಾಸಿದ ಬೂದುಗುದುರೆ

ಮಾವ,

ನನಗೆ ಮದುವೆಯಾಯಿತು, ಮತ್ತು ನಿನ್ನ ಕಾಮಿಕ್ಸಿನ ಬೂದುಗುದುರೆಯವನ ಎರಡನೆಯ ಭಾಗ ಸಿಕ್ಕಿತು. ಯಾವುದನ್ನು ಮೊದಲು ಹೇಳಬೇಕೋ ತಿಳಿಯದೆ ಎರಡನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ನೀನಿದ್ದಿದ್ದರೆ, "ಮದ್ವೆ ಎಲ್ರಿಗೂ ಆಯ್ತದೆ ಕಣವ್ವ, ಅವ್ನು ಕಣಿವೆಗೆ ಬಿದ್ನಾ ಇಲ್ವಾ ಅದ ಮೊದ್ಲು ಹೇಳು" ಅನ್ನುತ್ತಿದ್ದೆ, ಅಲ್ಲವಾ?

ಹೆಣ್ಣು ನೋಡಲು ಬಂದ ದಿನ ಇವರನ್ನು ನಾನೇ ಕೇಳಿದೆ, ಹಾಬಿ ಏನು ಅಂತ. ತಲೆ ತಗ್ಗಿಸಿಕೊಂಡು, "ಹಳೇ ಅಮೆರಿಕನ್ ಕಾಮಿಕ್ಸ್ ಕೂಡಿಡ್ತೀನಿ. ಕೌಬಾಯ್‌ಗಳು, ಮುಖವಾಡದವರು, ಆಕಾಶದಲ್ಲಿ ಹಾರೋರು... ಮನೇಲಿ ಬೈತಾರೆ" ಅಂದರು. ಎಲ್ಲರ ಎದುರಿಗೇ ನಕ್ಕುಬಿಟ್ಟೆ. ಅಮ್ಮ ಸೊಂಟ ಚಿವುಟಿದಳು. ಬಿಡದಿಯಲ್ಲಿ ಹೊಸದಾಗಿ ಎದ್ದ ಕಾರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಇವರ ಕೆಲಸ, ನಮ್ಮ ಮನೆ ಕೆಂಗೇರಿಯಲ್ಲಿ. ಒಂದೊಂದು ಪುಸ್ತಕಕ್ಕೂ ಒಂದೊಂದು ಪ್ಲಾಸ್ಟಿಕ್ ಕವರು, ಬೆನ್ನಿಗೆ ರಟ್ಟು. ನೀನು ಟ್ರಂಕಿನಲ್ಲಿ ಬೇವಿನ ಸೊಪ್ಪು ಹಾಕಿ ಇಡುತ್ತಿದ್ದೆಯಲ್ಲ, ಅದನ್ನು ಹೇಳಿದಾಗ ಇವರು ಡೈರಿಯಲ್ಲಿ ಬರೆದುಕೊಂಡರು.

ನೆನಪಿದೆಯಾ, ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಹಾಕಿದ ಮೇಲೆ ನೀನು ವಿರೂಪಾಕ್ಷಿಪುರಕ್ಕೆ ವಾಪಸ್ಸು ಹೋಗದೆ, ರಜೆಗೆ ಬಂದ ನನ್ನನ್ನೂ ಕರೆದುಕೊಂಡು ಬೆಂಗಳೂರಿನ ರೈಲು ಹತ್ತುತ್ತಿದ್ದದ್ದು? ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಏಳುತ್ತಿರಲಿಲ್ಲ. ಇಂಗ್ಲಿಷಿನ ಒಂದಕ್ಷರ ಬರದವನು ನೀನು. ಚಿತ್ರದವರ ಮಾತಿಗೆ ಬೆರಳಿಟ್ಟು, "ಆ ಗುಳ್ಳೆ ಒಳ್ಗೆ ಏನ್ ಬರ್ದವ್ರೆ, ಓದು" ಅನ್ನುತ್ತಿದ್ದೆ. ನಾನು "ಕೈಗಳನ್ನು ಮೇಲೆತ್ತು" ಅಂತ ಕನ್ನಡಕ್ಕೆ ತಂದರೆ, "ಹಂಗಂದ್ರೆ ಯಾವ ಕಳ್ಳ ಎತ್ತಾನು? ಎತ್ಲಾ ಕೈಯ, ಅನ್ನು" ಅಂತ ತಿದ್ದುತ್ತಿದ್ದೆ.

ಬೂದುಗುದುರೆಯವನ ಮೊದಲ ಭಾಗದ ಕೊನೆಯ ಚಿತ್ರ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಅವನು ಕಣಿವೆಯಲ್ಲಿ ಹಗ್ಗಕ್ಕೆ ನೇತಾಡುತ್ತಿದ್ದಾನೆ, ಮೇಲೆ ಕುದುರೆ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದೆ. ಉಳಿದದ್ದು ಮುಂದಿನ ಸಂಚಿಕೆಗೆ. ಆ ಸಂಚಿಕೆಗಾಗಿ ನೀನು ಎರಡು ವರ್ಷ ಹುಡುಕಿದೆ. ಸಿಕ್ಕಿದ ದಿನ ರೈಲಿನಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಎದುರಿಗೆ ಕೂತಿದ್ದಳು. ನೀನು ಅವಳಿಗೂ ತೋರಿಸಿದೆ: "ನೋಡವ್ವ, ಈ ಕುದ್ರೆಗಿರೋ ನಿಯತ್ತು ಮನ್ಸಂಗಿಲ್ಲ." ಅವಳು ನನ್ನನ್ನು ನೋಡಿ ನಕ್ಕಳು. ನನಗೆ ಹದಿನೈದು ವರ್ಷ, ಮಾವ. ನನ್ನ ಮಾವ ಇಂಗ್ಲಿಷ್ ಕಾದಂಬರಿ ಓದುತ್ತಾರೆ ಅಂತ ಸ್ಕೂಲಿನಲ್ಲಿ ಹೇಳಿಕೊಂಡಿದ್ದೆ. ನೀನು ಓದು ಅಂದರೂ ನಾನು ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತ ಕೂತೆ.

ಮಾರನೆಯ ದಿನ ಹುಳ ಕೊನೆಯ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದಿತ್ತು. ಆಮೇಲೆ ಅವಕ್ಕೆ ತಿನ್ನುವುದೊಂದೇ ಕೆಲಸ, ನಮಗೆ ಹಿಪ್ಪುನೇರಳೆ ಸೊಪ್ಪು ಹಾಕಿ ತಟ್ಟೆಯ ಪೇಪರು ಬದಲಾಯಿಸುವುದೊಂದೇ ಕೆಲಸ. ನೀನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. "ಅಟ್ಟದ ಮ್ಯಾಲೆ ಹಳೇ ಪೇಪರ್ ಐತೆ, ಇಳ್ಸಿ ಹಾಸವ್ವ" ಅಂದಳು ಗೌರತ್ತೆ. ಪೇಪರಿನ ಪಕ್ಕದಲ್ಲೇ ನಿನ್ನ ಟ್ರಂಕಿತ್ತು. ಪೇಪರು ಸಾಲಲಿಲ್ಲ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಸಾಲುತ್ತಿತ್ತು. ಬೇಕೆಂದೇ ಟ್ರಂಕು ತೆರೆದು, ಮೇಲಿದ್ದ ಆ ಎರಡನೆಯ ಭಾಗವನ್ನೇ ತೆಗೆದು, ಪಿನ್ನು ಕಿತ್ತು, ತಟ್ಟೆಗಳಿಗೆ ಹಾಸಿ, ಮೇಲೆ ಹುಳ ಬಿಟ್ಟೆ.

ಸಂಜೆ ಹಿಕ್ಕೆ ತೆಗೆಯುವಾಗ ನಿನಗೆ ಕುದುರೆಯ ಕಾಲು ಕಂಡಿತು. "ಯಾರು ಹಾಕ್ದೋರು ಇದ್ನ?" ಅಂದೆ. ಅತ್ತೆ ನನ್ನ ಮುಖ ನೋಡಿದಳು. ಆಮೇಲೆ, "ನಾನೇ. ಹುಳಾನೂ ಒಸಿ ಇಂಗ್ಲಿಷ್ ಕಲೀಲಿ ಅಂತ" ಅಂದಳು.

"ಅಕ್ಸರ ಗೊತ್ತಿಲ್ದೋಳ್ಗೆ ಎಲ್ಲಾ ಒಂದೇ ಕಾಗ್ದ."

"ನಿಂಗೆ ಬಲು ಗೊತ್ತೈತೆ ನೋಡು."

ನೀನು ನಗಲಿಲ್ಲ. ಎಂಟು ದಿನ ಅವಳು ಕಟ್ಟಿದ ಮುದ್ದೆ ಮುಟ್ಟಲಿಲ್ಲ. ಟ್ರಂಕಿಗೆ ಬೀಗ ಬಿತ್ತು, ಕೀ ನಿನ್ನ ಉಡಿದಾರ ಸೇರಿತು. ಅದುವರೆಗೆ ಟ್ರಂಕಿಗೆ ಬೇವಿನ ಸೊಪ್ಪು ಒಣಗಿಸಿ ಕೊಡುತ್ತಿದ್ದವಳು ಅತ್ತೆ. ಆಮೇಲೆ ಅವಳು ಆ ಟ್ರಂಕನ್ನು ಒಂದು ದಿನವೂ ಮುಟ್ಟಲಿಲ್ಲ. ನನ್ನನ್ನು ಮಾತ್ರ ನೀನು ಪ್ರತಿ ರಜೆಯಲ್ಲೂ ಕೂರಿಸಿಕೊಂಡು, ಅವನು ಹೇಗೆ ಪಾರಾಗಿರಬಹುದು ಅಂತ ಹೊಸ ಹೊಸ ಉಪಾಯ ಹೇಳುತ್ತಿದ್ದೆ. ನಾನು ತಲೆಯಾಡಿಸುತ್ತಿದ್ದೆ. ಹೇಳಲು ಎಷ್ಟು ರಜೆಗಳು ಬಂದವು, ಎಷ್ಟು...

ಹೋದ ವರ್ಷ ನೀನು ತೀರಿಕೊಂಡ ದಿನ, ನಿನ್ನನ್ನು ಮಲಗಿಸಿದ್ದಾಗ ಆ ಕೀ ಬಿಚ್ಚಿ ನನ್ನ ಕೈಗೆ ಕೊಟ್ಟವಳೂ ಅತ್ತೆಯೇ. "ನೀನೇ ಇಟ್ಕ, ಓದಿ ಹೇಳ್ತಿದ್ದೋಳು ನೀನಲ್ವಾ" ಅಂದಳು. ನಾನು ಇಸಿದುಕೊಂಡೆ, ಮಾವ. ಬಾಯಿ ಬಿಡದೆ ಇಸಿದುಕೊಂಡೆ.

ಮೊನ್ನೆ ಇವರ ಕಪಾಟಿನಲ್ಲಿ ಆ ಎರಡನೆಯ ಭಾಗ ನೋಡಿ ಕುಣಿದಾಡಿದೆ, ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ. ಎಲ್ಲ ಹೇಳಿದೆ. "ರೇಷ್ಮೆ ಹುಳಕ್ಕೆ ಹಾಸಿದ್ಯಾ?" ಅಂದ ಇವರು ಆ ಪುಸ್ತಕವನ್ನು ಕಪಾಟಿನಿಂದ ತೆಗೆದು ನನ್ನ ಮಡಿಲಿಗಿಟ್ಟರು. ಆಮೇಲೆ, "ಪುಸ್ತಕ ಹೋದ್ರೆ ಇನ್ನೊಂದು ಸಿಕ್ತು. ನಿಮ್ಮತ್ತೆಗೆ ಹೇಳಿದ್ದೀಯಾ?" ಅಂದರು. ನಿನಗೆ ಹೇಳುವ ಕಾಲ ಮೀರಿತು, ಅವಳಿಗೆ ಮೀರಿಲ್ಲ.

ಪುಸ್ತಕ ಇನ್ನೂ ಕವರಿನಲ್ಲೇ ಇದೆ, ನಾನು ತೆರೆದಿಲ್ಲ. ಮೊದಲು ಅತ್ತೆಯ ಕೈಗೆ ಕೀ ಕೊಡುತ್ತೇನೆ. ಬೇಕೆಂದೇ ಹಾಸಿದವಳು ನಾನು ಅಂತ ನಿನ್ನ ಫೋಟೋದ ಮುಂದೆಯೇ, ನಿನಗೂ ಕೇಳುವ ಹಾಗೆ ಹೇಳುತ್ತೇನೆ. ಅವಳು ಬೈದು ಮುಗಿಸಿದ ಮೇಲೆ, ಕೂತು ಕೇಳುತ್ತೇನೆ ಅಂದರೆ, ಗುಳ್ಳೆಯೊಳಗಿನದನ್ನೆಲ್ಲ ಓದುತ್ತೇನೆ, ನೀನು ತಿದ್ದಿಕೊಟ್ಟ ಕನ್ನಡದಲ್ಲಿ. ಈ ಭಾನುವಾರ, ಕೆಂಗೇರಿಯಿಂದ ಬೆಳಗಿನ ಮೈಸೂರು ಪ್ಯಾಸೆಂಜರಿಗೆ ಹತ್ತಿ ಚನ್ನಪಟ್ಟಣದಲ್ಲಿ ಇಳಿದು ವಿರೂಪಾಕ್ಷಿಪುರಕ್ಕೆ ಬರುತ್ತೇನೆ.